ಉಗ್ರಾಣಿಯ ಶಾಂತ ಬಜೆಟ್ಟು

ಈರುಳ್ಳಿ ತರಕಾರಿಯೋ ದಿನಸಿಯೋ? ತರಕಾರಿ ಎನ್ನೋಣವೆಂದರೆ ಅದನ್ನು ತರುವುದು ದಿನಸಿ ಅಂಗಡಿಯಿಂದ, ಅಕ್ಕಿ ಮೂಟೆಯ ಪಕ್ಕದಿಂದ. ದಿನಸಿ ಎನ್ನೋಣವೆಂದರೆ ಅದು ಮೊಳಕೆಯೊಡೆಯುತ್ತದೆ, ಕೊಳೆಯುತ್ತದೆ, ಹೆಚ್ಚುವಾಗ ಕಣ್ಣೀರು ಬರಿಸುತ್ತದೆ. ಅಕ್ಕಿ ಯಾರನ್ನೂ ಹಾಗೆ ಅಳಿಸಿದ್ದಿಲ್ಲ. ಖರ್ಚಿನ ಎರಡೂ ಬಾಬ್ತಿಗೆ ಅರ್ಧರ್ಧ ಹಾಕಿಬಿಟ್ಟರೆ? ಹಾಕಬಹುದು. ಆದರೆ ನಾಳೆ ಬೆಳ್ಳುಳ್ಳಿ ಬಂದು ತನಗೂ ಅದೇ ನ್ಯಾಯ ಬೇಕೆಂದರೆ ಏನು ಹೇಳುವುದು?

ಅವನು ಹೀಗೆ ಯೋಚಿಸುತ್ತಿದ್ದ ಹೊತ್ತಿಗೆ ಅವನ ಹೆಂಡತಿ ಅದೇ ಈರುಳ್ಳಿಯನ್ನು ಸುಲಿದು, ಹೆಚ್ಚಿ, ಹುರಿದು, ಪಲ್ಯ ಮಾಡಿ, ಅವನ ತಟ್ಟೆಗೆ ಬಡಿಸಿ, ಅದು ತಣ್ಣಗಾಗುವುದನ್ನು ನೋಡುತ್ತ ಕುಳಿತಿದ್ದಳು.

"ತಿನ್ನಿ," ಎಂದಳು. "ಅದು ಏನು ಅಂತ ಹೊಟ್ಟೆಗೆ ಗೊತ್ತಾಗುತ್ತೆ."

ಅವನು ದೊಡ್ಡಾಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವನು. ಹತ್ತಿ, ಪಟ್ಟಿ, ಹೊದಿಕೆ, ಫಿನಾಯಿಲು, ಬಲ್ಬು, ಎಲ್ಲವೂ ಅವನ ಬೀಗದ ಒಳಗೆ. ಎರಡು ಸಹಿ ಇರುವ ಬೇಡಿಕೆ ಚೀಟಿ ಇಲ್ಲದೆ ಒಂದು ಸೂಜಿಯೂ ಹೊರಗೆ ಹೋಗುತ್ತಿರಲಿಲ್ಲ. ಒಮ್ಮೆ ಆಸ್ಪತ್ರೆಯ ಸಾಹೇಬರ ಕೋಣೆಯ ಬಲ್ಬು ಸುಟ್ಟುಹೋದಾಗ, ಎರಡನೆಯ ಸಹಿ ಮಾಡುವವರು ರಜೆಯಲ್ಲಿದ್ದ ಕಾರಣ, ಸಾಹೇಬರನ್ನೇ ವಾರವಿಡೀ ಮೊಬೈಲು ಬೆಳಕಿನಲ್ಲಿ ಕೂರಿಸಿದ್ದ. ಬೀದಿಯವರೆಲ್ಲ ಅವನನ್ನು ಉಗ್ರಾಣಿ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡುತ್ತಿದ್ದನೋ ಇಲ್ಲವೋ ಅನುಮಾನ.

ಮನೆಯ ಲೆಕ್ಕಕ್ಕೆ ಅವನು ಕೈಹಾಕಿದ್ದು ಸ್ಕೂಟರಿನ ದೆಸೆಯಿಂದ. ಮದುವೆಗೆ ಮೊದಲೇ ಕೊಂಡ ಸ್ಕೂಟರು ಅದು. ವಾರದಲ್ಲಿ ಮೂರು ದಿನ ಅದು ಅವನನ್ನು ಹೊರುತ್ತಿತ್ತು, ಉಳಿದ ದಿನ ಅವನು ಅದನ್ನು ತಳ್ಳುತ್ತಿದ್ದ. ಬೀದಿ ತಿರುವಿನ ಮೆಕ್ಯಾನಿಕ್ ಅದರ ಸದ್ದು ದೂರದಿಂದ ಕೇಳಿಸಿದರೆ ಸಾಕು, ಸ್ಪ್ಯಾನರು ಎತ್ತಿಕೊಂಡು ನಗುತ್ತ ಬಾಗಿಲಿಗೆ ಬರುತ್ತಿದ್ದ. ಬಿಡಿ ಭಾಗಗಳಿಗಾಗಿ ಗುಜರಿ ಬೆಲೆಗೆ ಕೊಡುವುದಾದರೆ ತಾನೇ ಕೊಳ್ಳುತ್ತೇನೆಂದು ಅವನು ಹಲವು ಸಲ ಹೇಳಿದ್ದ. ಹೆಂಡತಿಗೆ ಆ ಮಾತು ಹಿಡಿಸಿತ್ತು.

"ಕೊಟ್ಟುಬಿಡಿ ಅಂದ್ರೆ ಕೊಟ್ಟುಬಿಡಿ. ನಾವು ಸಾಕ್ತಿರೋದು ಸ್ಕೂಟರನ್ನಲ್ಲ, ಆ ಮೆಕ್ಯಾನಿಕ್ ಸಂಸಾರಾನ."

ಆ ಸ್ಕೂಟರಿನ ಸೀಟಿನ ಮೇಲೆ ಕುಳಿತಾಗ ಮಾತ್ರ ಉಗ್ರಾಣಿ ಯಾರ ಚೀಟಿಗೂ ಕಾಯದೆ ಮುಂದೆ ಹೋಗುತ್ತಿದ್ದ. ಇದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಅದರ ಬದಲು ಪಂಥ ಕಟ್ಟಿದ. ಒಂದು ತಿಂಗಳು ಮನೆಯ ಖರ್ಚು ತನ್ನ ಕೈಗೆ ಬರಲಿ, ಬಜೆಟ್ಟು ಹಾಕಿ ಸಂಬಳದ ಹತ್ತರಲ್ಲೊಂದು ಪಾಲು ಉಳಿಸಿ ತೋರಿಸುತ್ತೇನೆ, ತೋರಿಸದಿದ್ದರೆ ಸ್ಕೂಟರು ಮೆಕ್ಯಾನಿಕ್ಕನ ಪಾಲು ಎಂದ. ಹೆಂಡತಿ ಅಂದೇ ಕೈಚೀಲವನ್ನು ಅವನ ಮುಂದಿಟ್ಟು, ಆಮೇಲೆ ಮಾತು ಬದಲಿಸಬಾರದು ಎಂದಳು.

ಪಂಥಕ್ಕೆ ಅವನಿಗೆ ಧೈರ್ಯ ಬಂದದ್ದು ಒಂದು ಉಪನ್ಯಾಸದಿಂದ. ಆಸ್ಪತ್ರೆಯ ನೌಕರರಿಗೆ ಹಣ ಉಳಿಸುವುದನ್ನು ಹೇಳಿಕೊಡಲು ಒಬ್ಬಾಕೆ ಬಂದಿದ್ದರು. ಅವರು ಹೇಳಿದ್ದು ಎರಡೇ ಮಾತು: ಮನೆಯ ಬಜೆಟ್ಟು ಸರಳವಾಗಿರಲಿ, ನಾಲ್ಕೈದು ಬಾಬ್ತು ಸಾಕು; ಮನಸ್ಸು ಶಾಂತವಾಗಿರಲಿ, ಯಾರೊಡನೆಯೂ ವಾದ ಬೇಡ, ಕೇಳಿದವರಿಗೆಲ್ಲ ಸಮಜಾಯಿಷಿ ಬೇಡ. ನಾಲ್ಕೈದು ಬಾಬ್ತು ಎಂಬ ಮಾತು ಕೇಳಿ ಉಗ್ರಾಣಿಗೆ ಆ ಹೆಂಗಸಿನ ಬಗ್ಗೆ ಅಯ್ಯೋ ಪಾಪ ಅನ್ನಿಸಿತ್ತು. ಅವನ ಉಗ್ರಾಣದಲ್ಲಿ ಪೊರಕೆಗೇ ಆರು ಬಾಬ್ತುಗಳಿದ್ದವು. ಹಾಗಾಗಿ ಮೊದಲ ಮಾತನ್ನು ಕೈಬಿಟ್ಟು, ಆ ಕೊರತೆಯನ್ನು ತುಂಬಲು ಎರಡನೆಯದನ್ನು ಇಮ್ಮಡಿಯಾಗಿ ಪಾಲಿಸಲು ನಿಶ್ಚಯಿಸಿದ.

ಸಂಬಳ ಬಂದ ದಿನ ನಡುಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಲಕೋಟೆಗಳನ್ನು ನೇತುಹಾಕಿದ. ಹಾಲು, ದಿನಸಿ, ಔಷಧಿ, ದುರಸ್ತಿ, ಅತಿಥಿ ಸತ್ಕಾರ, ಆಕಸ್ಮಿಕ, ಆಕಸ್ಮಿಕಕ್ಕಿಂತಲೂ ಆಕಸ್ಮಿಕ, ಹೀಗೆ. ಈರುಳ್ಳಿಯ ವ್ಯಾಜ್ಯವೂ ಅಂದೇ ತೀರ್ಮಾನವಾಯಿತು: 'ಈರುಳ್ಳಿ ಹಾಗೂ ಇತರ ಸಂಶಯಾಸ್ಪದ ಪದಾರ್ಥಗಳು' ಎಂದು ಅದಕ್ಕೇ ಒಂದು ಲಕೋಟೆ. ಹಗ್ಗದ ತುತ್ತತುದಿಯಲ್ಲಿ, ಕಿಟಕಿಯ ಪಕ್ಕ, ಉಳಿತಾಯ. ಮನೆಯವರು ನಡುಮನೆ ದಾಟಬೇಕಾದರೆ ತಲೆ ಬಗ್ಗಿಸಿಕೊಂಡು ಹೋಗಬೇಕಾಯಿತು. ಅದನ್ನು ಉಗ್ರಾಣಿ ಬಜೆಟ್ಟಿಗೆ ಸಲ್ಲುವ ಗೌರವವೆಂದೇ ಭಾವಿಸಿದ.

ಅಡುಗೆಗೆ ಏನು ಬೇಕಾದರೂ ಬೇಡಿಕೆ ಚೀಟಿ ಬರಬೇಕು, ಅದಕ್ಕೆ ಎರಡು ಸಹಿ ಬೇಕು. ಒಂದು ಹೆಂಡತಿಯದು, ಇನ್ನೊಂದು ನಾಲ್ಕನೆಯ ತರಗತಿಯ ಮಗಳದು. ಮಗಳು ಅಧಿಕಾರದ ರುಚಿಯನ್ನು ಎರಡೇ ದಿನದಲ್ಲಿ ಕಂಡುಕೊಂಡಳು. ಬಿಸ್ಕತ್ತಿನ ಚೀಟಿಗೆ ಕೇಳುವ ಮೊದಲೇ ಸಹಿ ಬೀಳುತ್ತಿತ್ತು. ಹಾಗಲಕಾಯಿಯ ಚೀಟಿ ಮಾತ್ರ ತಿಂಗಳು ಪೂರ್ತಿ ಅವಳ ಪರಿಶೀಲನೆಯಲ್ಲೇ ಉಳಿಯಿತು.

ಇಷ್ಟೆಲ್ಲ ಮನೆಯೊಳಗಿನ ಮಾತು. ಬೀದಿಗೆ ಕಂಡದ್ದು ಬೇರೆ.

ಬೀದಿ ಕಂಡದ್ದು ಇಷ್ಟು: ದಿನವೂ ತರಕಾರಿಯವಳ ಜತೆ ಕಾಲು ಗಂಟೆ ಜಗಳಾಡದೆ ಬದನೆಕಾಯಿ ಮುಟ್ಟದವನು ಈಗ ಬೆಲೆ ಕೇಳಿ, ಒಂದು ಶಾಂತವಾದ ನಗೆ ನಕ್ಕು, ಬರಿಗೈಯಲ್ಲಿ ಹೋಗುತ್ತಿದ್ದಾನೆ. ಪತ್ರಿಕೆ ನಿಲ್ಲಿಸಿದ್ದಾನೆ. ಪೆಟ್ರೋಲಿನ ಲಕೋಟೆ ಮೊದಲ ವಾರವೇ ಬರಿದಾದದ್ದು ಬೀದಿಗೇನು ಗೊತ್ತು, ಸ್ಕೂಟರು ಅಂಗಳದಲ್ಲಿ ಧೂಳು ಹಿಡಿದಿದೆ, ಮನುಷ್ಯ ನಡೆದು ಹೋಗುತ್ತಾನೆ. ಯಾಕೆ ಎಂದು ಕೇಳಿದರೆ ಅದೇ ನಗೆ. ಆ ನಗೆಯನ್ನು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ನೋಡಿದವರಿಗೆ ಮಾತ್ರ ಆಸ್ಪತ್ರೆಯಲ್ಲಿ ಡಾಕ್ಟರು ಏನೋ ಹೇಳಿದ ಮೇಲೆ ರೋಗಿ ನಗುವ ನಗೆಯಂತೆ ಕಾಣುತ್ತಿತ್ತು.

ಮಹಡಿಯ ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರರಿದ್ದರು. ನೌಕರಿಯಿಂದ ನಿವೃತ್ತರಾಗಿದ್ದರೇ ಹೊರತು ಬಟವಾಡೆಯಿಂದ ಆಗಿರಲಿಲ್ಲ. ಒಂದು ಮಧ್ಯಾಹ್ನ ಅವರು ಉದ್ಯಾನದ ದಾರಿಯಾಗಿ ಬರುವಾಗ ಉಗ್ರಾಣಿ ಒಬ್ಬನೇ ಬೆಂಚಿನ ಮೇಲೆ ಕುಳಿತು ಡಬ್ಬಿಯ ಅನ್ನ ತಿನ್ನುತ್ತಿರುವುದನ್ನು ಕಂಡರು. ಕ್ಯಾಂಟೀನಿನಲ್ಲಿ ಕುಳಿತರೆ ಟೀ ಕುಡಿಯಬೇಕಾಗುತ್ತದೆ, ಟೀಗೆ ಬಾಬ್ತಿಲ್ಲ, ಅದಕ್ಕೇ ಅವನು ಅಲ್ಲಿಗೆ ಬಂದಿದ್ದು. ಪೋಸ್ಟ್‌ಮಾಸ್ಟರು ಹತ್ತಿರ ಬಂದು, ಇದೇನಪ್ಪಾ ಈ ಹೊತ್ತಿನಲ್ಲಿ ಇಲ್ಲಿ, ಕೆಲಸಕ್ಕೆ ಹೋಗಲಿಲ್ಲವೇ ಎಂದು ಕೇಳಿದರು. ಸಮಜಾಯಿಷಿ ಕೂಡದು. ಉಗ್ರಾಣಿ ತುತ್ತು ನುಂಗಿ, ಮರಗಳ ಕಡೆ ನೋಡಿ, ಶಾಂತವಾಗಿ ನಕ್ಕ.

ಪೋಸ್ಟ್‌ಮಾಸ್ಟರಿಗೆ ಕಣ್ಣು ತುಂಬಿ ಬಂತು. ಅವರು ಅವನ ಹೆಗಲು ತಟ್ಟಿ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಹೋದರು. ಏನನ್ನು ಹೇಳುವುದಿಲ್ಲ ಎಂಬುದು ಉಗ್ರಾಣಿಗೆ ತಿಳಿಯಲಿಲ್ಲ. ಸಂಜೆ ದೀಪ ಹಚ್ಚುವಷ್ಟರಲ್ಲಿ ಅವನ ಮನೆಯೊಂದನ್ನು ಬಿಟ್ಟು ಇಡೀ ಬೀದಿಗೆ ತಿಳಿದಿತ್ತು: ಉಗ್ರಾಣಿಯ ಕೆಲಸ ಹೋಗಿದೆ. ಹೆಂಡತಿಗೆ ಹೇಳಲಾರದೆ ಡಬ್ಬಿ ಹಿಡಿದು ಮನೆ ಬಿಡುತ್ತಾನೆ, ಸಂಜೆಯವರೆಗೆ ಉದ್ಯಾನದಲ್ಲಿ ಕುಳಿತಿರುತ್ತಾನೆ.

ಮಾರನೆಯ ದಿನದಿಂದ ಉಗ್ರಾಣಿಯ ಮನೆಗೆ ಪಾತ್ರೆಗಳು ಬರತೊಡಗಿದವು. ಪಕ್ಕದ ಮನೆಯ ದರ್ಜಿ ಅಕ್ಕ ಒಂದು ಪಾತ್ರೆ ಸಾರು ತಂದು, ಜಾಸ್ತಿ ಮಾಡಿಬಿಟ್ಟೆ ಎಂದಳು. ಒಬ್ಬಂಟಿ ಹೆಂಗಸು ದಿನವೂ ಐದು ಜನರಷ್ಟು ಸಾರು ಹೇಗೆ ಜಾಸ್ತಿ ಮಾಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ಪೋಸ್ಟ್‌ಮಾಸ್ಟರರ ಕುಂಡದ ಸೊಪ್ಪು ಬಂತು. ಹಾಲಿನವನು ದುಡ್ಡು ಕೇಳುವುದನ್ನೇ ಮರೆತ. ತರಕಾರಿಯವಳು ಉಗ್ರಾಣಿಯನ್ನು ಕಂಡರೆ ತಾನೇ ಕರೆದು, ಬಾಡಿದೆ ಅಣ್ಣ, ದನಕ್ಕೆ ಹಾಕೋದೇ, ತಗೊಂಡು ಹೋಗಿ ಎಂದು ಹೊಳೆಯುವ ಟೊಮೆಟೊಗಳನ್ನು ಚೀಲಕ್ಕೆ ಸುರಿದಳು.

ಉಗ್ರಾಣಿ ಇದಕ್ಕೆಲ್ಲ ಒಂದೇ ಕಾರಣ ಕಂಡ. ಲೆಕ್ಕ ಸರಿಯಿರುವ ಮನೆಗೆ ಲೋಕವೇ ಒಲಿದು ಬರುತ್ತದೆ. ಇಷ್ಟು ವರ್ಷ ಬಾಬ್ತಿಲ್ಲದೆ ಬದುಕಿದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು.

ಸುದ್ದಿ ಹೆಂಡತಿಯನ್ನು ಮುಟ್ಟಿದ್ದು ಕೊನೆಗೆ, ದರ್ಜಿ ಅಕ್ಕನ ಅಳತೆ ಪಟ್ಟಿಯ ಒಳಗೆ ನಿಂತಿದ್ದಾಗ. ಧೈರ್ಯವಾಗಿರು ತಂಗಿ ಎಂದು ಅಕ್ಕ ಶುರುಮಾಡಿ, ಬೇಡ ಬೇಡವೆನ್ನುತ್ತಲೇ ಎಲ್ಲವನ್ನೂ ಹೇಳಿ ಮುಗಿಸಿದಳು. ಹೆಂಡತಿ ಮೊದಲು ನಂಬಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಇದ್ದಕ್ಕಿದ್ದಂತೆ ಬಜೆಟ್ಟು. ನಡಿಗೆ. ಪತ್ರಿಕೆ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಆ ನಗೆ. ಮದುವೆಯ ಫೋಟೋದಲ್ಲೂ ನಗದ ಮನುಷ್ಯ.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುತ್ತ, ಅವನ ಕಡೆ ತಿರುಗದೆ, ಅವಳು ಹೇಳಿದಳು: "ಸ್ಕೂಟರ್ ಮಾರೋ ಮಾತು ಅಂದಿದ್ನಲ್ಲ, ಅದನ್ನ ಮರೆತುಬಿಡಿ. ಉಳಿದ್ರೆ ಉಳೀತು, ಇಲ್ಲದಿದ್ರೆ ಇಲ್ಲ. ನಾವು ಮೂರು ಜನ ಇದ್ದೀವಲ್ಲ, ಅಷ್ಟು ಸಾಕು."

ಬಜೆಟ್ಟು ಕಲ್ಲನ್ನೂ ಕರಗಿಸುತ್ತದೆ ಎಂದುಕೊಂಡು ಉಗ್ರಾಣಿ ಶಾಂತವಾಗಿ ನಕ್ಕ. ಅದನ್ನು ನೋಡಿ ಹೆಂಡತಿಗೆ ಉಳಿದಿದ್ದ ಒಂದಿಷ್ಟು ಸಂಶಯವೂ ಹೋಯಿತು. ಅವಳು ಒಲೆಯ ಕಡೆ ಮುಖ ಮಾಡಿಕೊಂಡು, ಡಬ್ಬಿಗೆ ಇನ್ನೊಂದು ಸೌಟು ಅನ್ನ ಒತ್ತಿದಳು.

ತಿಂಗಳ ಕೊನೆಯ ವಾರ ಬಂತು. ಉಗ್ರಾಣಿ ಹಗ್ಗದ ಉದ್ದಕ್ಕೂ ನಡೆದು ಲಕೋಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ದಿನಸಿ ದಪ್ಪಗಿತ್ತು. ಹಾಲು ಬಿಚ್ಚಿಯೇ ಇರಲಿಲ್ಲ. ಸಂಶಯಾಸ್ಪದ ಪದಾರ್ಥಗಳೂ ಹಾಗೆಯೇ ಉಬ್ಬಿಕೊಂಡಿದ್ದವು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಉಗ್ರಾಣಿ ಗಾಬರಿಯಿಂದ ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದ.

ಇಲ್ಲಿ ಆಸ್ಪತ್ರೆಯ ಒಂದು ನಿಯಮವನ್ನು ಹೇಳಬೇಕು. ಯಾವ ಬಾಬ್ತಿನಲ್ಲಿ ವರ್ಷದ ಕೊನೆಗೆ ಅನುದಾನ ಉಳಿಯುತ್ತದೋ ಆ ಹಣ ಮೇಲಿನವರಿಗೆ ವಾಪಸು ಹೋಗುತ್ತದೆ. ಅಷ್ಟೇ ಅಲ್ಲ, ಈ ವರ್ಷ ಬೇಡವಾದದ್ದು ಮುಂದಿನ ವರ್ಷ ಯಾಕೆ ಎಂದು ಆ ಬಾಬ್ತನ್ನೇ ಕತ್ತರಿಸುತ್ತಾರೆ. ಉಳಿಸಿದವನಿಗೆ ಕೇಡು. ಹೀಗಾಗಿ ವರ್ಷದ ಕೊನೆಯ ವಾರ ಉಗ್ರಾಣಿ ಊಟ ನಿದ್ದೆ ಬಿಟ್ಟು ಖರ್ಚು ಮಾಡುತ್ತಿದ್ದ. ಒಂದು ವರ್ಷ ಉಳಿದ ಹಣಕ್ಕೆ ಗೋಡೆ ಗಡಿಯಾರಗಳನ್ನು ತರಿಸಿ, ಜಾಗ ಸಾಲದೆ ಶವಾಗಾರದಲ್ಲೂ ನಾಲ್ಕು ನೇತುಹಾಕಿದ್ದ. ಇಷ್ಟು ಕಾಲ ಬೆಳೆಸಿಕೊಂಡ ಅಭ್ಯಾಸ ಮನೆಯ ಹೊಸ್ತಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬರುವಂಥದಲ್ಲ.

ಮೊದಲು ಔಷಧಿಯ ಬಾಬ್ತು. ಮನೆಯಲ್ಲಿ ಯಾರಿಗೂ ಒಂದು ಸೀನೂ ಬಂದಿರಲಿಲ್ಲ. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದ. ಅವರು ಮೂವರ ನಾಡಿಯನ್ನೂ ನೋಡಿ ಏನೂ ಇಲ್ಲವೆಂದರು. ಉಗ್ರಾಣಿ ಏಳಲಿಲ್ಲ. ಹಾಗೆ ಹೇಳಬೇಡಿ, ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ ಎಂದು ವಿನಂತಿಸಿಕೊಂಡು, ಕೊನೆಗೆ ಅವರು ಬೇಸತ್ತು ಬರೆದ ಟಾನಿಕ್ಕಿನ ದೊಡ್ಡ ಬಾಟಲಿಗಳನ್ನು ತಂದ. ಆಮೇಲೆ ದುರಸ್ತಿ. ಬಡಗಿಯನ್ನು ಕರೆಸಿ ಸರಿಯಾಗಿದ್ದ ಬಾಗಿಲನ್ನು ಉಜ್ಜಿಸಿದ. ಅಂದಿನಿಂದ ಅದು ಕಿರ್ರೆನ್ನತೊಡಗಿತು.

ಕೆಲಸ ಹೋದವನು ಹೀಗೆ ದುಡ್ಡು ಚೆಲ್ಲುವುದನ್ನು ಕಂಡು ಬೀದಿಗೆ ಗಾಬರಿಯಾಯಿತು. "ದೀಪ ಆರೋ ಮುಂಚೆ ಜೋರಾಗಿ ಉರಿಯುತ್ತೆ," ಎಂದರು ಪೋಸ್ಟ್‌ಮಾಸ್ಟರು, ಮತ್ತು ಚಂದಾ ಎತ್ತಲು ಹೊರಟರು.

ದಿನಸಿ, ಹಾಲು ಮುಂತಾದವೂ ಹೀಗೆಯೇ ಬರಿದಾಗಿ, ಕೊನೆಗೆ ಹಗ್ಗದ ಮೇಲೆ ತುಂಬಿದ ಲಕೋಟೆ ಎರಡೇ ಉಳಿದವು. ಒಂದು ಅತಿಥಿ ಸತ್ಕಾರ, ಇನ್ನೊಂದು ಉಳಿತಾಯ.

ಉಳಿತಾಯದ ಮುಂದೆ ಉಗ್ರಾಣಿ ಬಹಳ ಹೊತ್ತು ನಿಂತ. ಅದರಲ್ಲಿ ಇಟ್ಟದ್ದು ಇಟ್ಟಂತೆಯೇ ಇತ್ತು. ಇಡೀ ತಿಂಗಳಲ್ಲಿ ಆ ಬಾಬ್ತಿನಿಂದ ಒಂದು ಕಾಸೂ ಖರ್ಚಾಗಿರಲಿಲ್ಲ. ಖರ್ಚಾಗದಿರುವುದೇ ಉಳಿತಾಯವಲ್ಲವೇ ಎಂದು ಒಳಗೊಂದು ದನಿ ಕೇಳಿತು. ಅದು ಸಣ್ಣ ದನಿ, ಅನುಭವವಿಲ್ಲದ್ದು. ಇನ್ನೊಂದು ದನಿ ವರ್ಷಗಟ್ಟಲೆ ಉಗ್ರಾಣ ನೋಡಿಕೊಂಡದ್ದು: ಒಂದು ಬಾಬ್ತಿಗೆ ಒಂದು ನಿಯಮ, ಇನ್ನೊಂದಕ್ಕೆ ಇನ್ನೊಂದು ಎಂದು ಶುರುವಾದರೆ ಉಗ್ರಾಣ ಉಳಿಯುತ್ತದೆಯೇ? ಈ ತಿಂಗಳು ಉಳಿತಾಯವನ್ನು ಖರ್ಚು ಮಾಡದಿದ್ದರೆ ಮುಂದಿನ ತಿಂಗಳು ಉಳಿತಾಯದ ಬಾಬ್ತೇ ರದ್ದಾಗುತ್ತದೆ. ಆಗ ಉಳಿಸುವುದಾದರೂ ಎಲ್ಲಿಂದ? ಹೆಂಡತಿಯೇ ಪಂಥವನ್ನು ಮರೆತುಬಿಡಿ ಎಂದಿದ್ದಳಲ್ಲ, ಆ ಹೆದರಿಕೆಯೂ ಇರಲಿಲ್ಲ.

ಅವನು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ಸ್ಕೂಟರನ್ನು ತಳ್ಳಿಕೊಂಡು ಮೆಕ್ಯಾನಿಕ್ಕನ ಹತ್ತಿರ ಹೋಗಿ, ಇದಿಷ್ಟೂ ಮುಗಿಯುವವರೆಗೆ ಏನೇನು ಹಾಕಬಹುದೋ ಹಾಕು ಎಂದ. ಮೆಕ್ಯಾನಿಕ್ಕನಿಗೂ ಸುದ್ದಿ ಗೊತ್ತಿತ್ತು. ಪಾಪ, ಬೇಡವೆನ್ನಲು ಬಾಯಿ ತೆರೆದ. ಉಗ್ರಾಣಿ ನಕ್ಕ. ಮೆಕ್ಯಾನಿಕ್ ಬಾಯಿ ಮುಚ್ಚಿ ಕೆಲಸಕ್ಕೆ ಕೂತ. ಎಂಜಿನ್ನಿನ ಒಳಗೆಲ್ಲ ಹೊಸ ಸಾಮಾನು, ಎರಡು ಹೊಸ ಟೈರು, ಹೊಸ ಸೀಟು, ಮೇಲೆ ಹಸಿರು ಬಣ್ಣ, ಮನಸ್ಸು ತಡೆಯದೆ ತನ್ನ ಕೂಲಿಯಲ್ಲಿ ಅರ್ಧ ಬಿಟ್ಟು ಅದಕ್ಕೂ ಸಾಮಾನು. ಸಂಜೆ ಸ್ಕೂಟರು ಮೊದಲ ಒದೆತಕ್ಕೇ ಎದ್ದು, ಸದ್ದಿಲ್ಲದೆ ಬೀದಿಯಲ್ಲಿ ಸಾಗಿತು. ಆ ನಿಶ್ಶಬ್ದಕ್ಕೆ ಬೆಚ್ಚಿ ಜನ ಬಾಗಿಲಿಗೆ ಬಂದರು.

ಅತಿಥಿ ಸತ್ಕಾರಕ್ಕೆ ಭಾನುವಾರ ಇಡೀ ಬೀದಿಯನ್ನೇ ಊಟಕ್ಕೆ ಕರೆದ. ಬಾಬ್ತಿನಲ್ಲಿ ಇನ್ನೂ ಸ್ವಲ್ಪ ಉಳಿಯುವಂತೆ ಕಂಡದ್ದರಿಂದ ಆಸ್ಪತ್ರೆಯ ಸಾಹೇಬರನ್ನೂ ಕರೆದ.

ಬಂದವರು ಸಾವಿನ ಮನೆಗೆ ಬಂದಂತೆ ಬಂದರು. ತಲೆ ಬಗ್ಗಿಸಿ ಕೂತು, ಬಡಿಸಿದ್ದನ್ನು ತಿಂದು, ಚೆನ್ನಾಗಿದೆ ಎಂದು ಮೆಲ್ಲನೆ ಹೇಳಿದರು. ದರ್ಜಿ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಲೇ ಎರಡು ಸಲ ಅನ್ನ ಹಾಕಿಸಿಕೊಂಡಳು. ಸಾಹೇಬರು ಬಂದು ಊಟಕ್ಕೆ ಕುಳಿತಾಗ ಮಾತ್ರ ಒಂದು ಬಗೆಯ ಬಿಸಿ ಗಾಳಿ ಎದ್ದಿತು. ಪೋಸ್ಟ್‌ಮಾಸ್ಟರು ಕೈ ತೊಳೆದು ಎದ್ದು ನಿಂತರು.

"ಸಾರ್, ನಿಮ್ಮ ಮನೇಲಿ ಹೆಂಡತಿ ಮಕ್ಕಳಿದ್ದಾರೆ ತಾನೇ? ಇವನ ತಪ್ಪು ಏನೇ ಇರಲಿ, ಹೊಟ್ಟೆ ಮೇಲೆ ಹೊಡೀಬಾರದಿತ್ತು."

ಸಾಹೇಬರು ತುತ್ತನ್ನು ಅರ್ಧದಲ್ಲೇ ಹಿಡಿದು ಸುತ್ತ ನೋಡಿದರು. "ಯಾರ ಹೊಟ್ಟೆ?"

"ಇವನದು. ಉಗ್ರಾಣಿಯದು. ಕೆಲಸದಿಂದ ತೆಗೆದಿದ್ದೀರಲ್ಲ."

"ಇವನನ್ನ ತೆಗೀಬೇಕಾದ್ರೆ ಎರಡು ಸಹಿ ಇರೋ ಚೀಟಿ ಬೇಕು," ಎಂದರು ಸಾಹೇಬರು. "ಆ ಚೀಟಿ ಇರೋದು ಇವನ ಉಗ್ರಾಣದಲ್ಲಿ. ಕೇಳಿದ್ರೆ ಕೊಡ್ತಾನಾ? ಮೊನ್ನೆ ಒಂದು ಸಾಬೂನು ಕೇಳಿದ್ದಕ್ಕೇ ಕೊಡಲಿಲ್ಲ."

ಎಲ್ಲರೂ ಉಗ್ರಾಣಿಯನ್ನು ನೋಡಿದರು. ಉಗ್ರಾಣಿ ಎಲ್ಲರನ್ನೂ ನೋಡಿದ. ಹೆಂಡತಿ ಬಡಿಸುವ ಪಾತ್ರೆಯನ್ನು ಕೆಳಗಿಟ್ಟಳು.

"ನೀವು ದಿನಾ ಕೆಲಸಕ್ಕೆ ಹೋಗ್ತಿದ್ರಾ?"

"ಮತ್ತೆಲ್ಲಿಗೆ ಹೋಗ್ಲಿ?"

"ಹಾಗಾದ್ರೆ ಅವತ್ತು ಡಬ್ಬಿ ಕಟ್ಟುವಾಗ ಯಾಕ್ರೀ ಹಾಗೆ ನಕ್ಕಿದ್ದು?"

"ಶಾಂತವಾಗಿರಬೇಕು ಅಂತ ಉಪನ್ಯಾಸದಲ್ಲಿ ಹೇಳಿದ್ರು."

ಮೊದಲು ನಕ್ಕಿದ್ದು ಮಗಳು. ಆಮೇಲೆ ಸಾಹೇಬರು, ಆಮೇಲೆ ಹಾಲಿನವನು, ಆಮೇಲೆ ಯಾರು ಯಾರೆಂದು ಹೇಳಲಾಗದಂತೆ ಎಲ್ಲರೂ. ದರ್ಜಿ ಅಕ್ಕ ತನ್ನ ಅಷ್ಟೂ ಸಾರಿನ ಲೆಕ್ಕವನ್ನು ಗಟ್ಟಿಯಾಗಿ ಕೇಳುತ್ತ ನಕ್ಕಳು. ಪೋಸ್ಟ್‌ಮಾಸ್ಟರು ಚಂದಾ ಹಣವನ್ನು ಜೇಬಿನಿಂದ ತೆಗೆದು, ಕೊಟ್ಟದ್ದನ್ನು ವಾಪಸು ತಗೊಳ್ಳಲು ನಮ್ಮಲ್ಲಿ ಬಾಬ್ತಿಲ್ಲ ಎಂದು ಘೋಷಿಸಿ, ಬೀದಿಗೆಲ್ಲ ಐಸ್‌ಕ್ರೀಮು ತರಲು ಹಾಲಿನವನನ್ನು ಓಡಿಸಿದರು.

ಹೆಂಡತಿಯೂ ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕು, ಕಣ್ಣು ಒರೆಸಿಕೊಂಡು, ಕೈ ಮುಂದೆ ಚಾಚಿದಳು.

"ಕೆಲಸ ಹೋಗಿಲ್ಲ ಅಂದ್ಮೇಲೆ ಪಂಥವೂ ಹೋಗಿಲ್ಲ. ಉಳಿತಾಯ ಎಲ್ಲಿ?"

ಉಗ್ರಾಣಿ ಲಕೋಟೆ ತಂದುಕೊಟ್ಟ. ಅವಳು ಅದನ್ನು ಬಿಚ್ಚಿ, ಊದಿ, ಒಳಗೆ ಇಣುಕಿದಳು.

"ಖಾಲಿ ಇದೆ."

"ಖರ್ಚಾಯ್ತು."

"ಉಳಿತಾಯ ಖರ್ಚಾಯ್ತಾ?"

"ಪೂರ್ತಿ," ಎಂದ ಉಗ್ರಾಣಿ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಒಂದು ಕಾಸೂ ವ್ಯರ್ಥ ಆಗಿಲ್ಲ."

ಅವಳು ಮೂಲೆಯಲ್ಲಿ ಮೂರನೆಯ ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದ ಮೆಕ್ಯಾನಿಕ್ಕನನ್ನು ಎಬ್ಬಿಸಿ, ಈಗಿಂದೀಗ ಸ್ಕೂಟರು ತಗೊಂಡು ಹೋಗು, ಬೆಲೆ ಕಟ್ಟು ಎಂದಳು. ಉಗ್ರಾಣಿ ಗೋಡೆಗೆ ಒರಗಿದ. ಎಲ್ಲರೂ ಅಂಗಳಕ್ಕೆ ಬಂದರು. ಹಸಿರು ಸ್ಕೂಟರು ಬಿಸಿಲಿನಲ್ಲಿ ಮದುವೆ ಗಂಡಿನಂತೆ ನಿಂತಿತ್ತು.

ಮೆಕ್ಯಾನಿಕ್ ಅದನ್ನು ಒಂದು ಸುತ್ತು ಬಂದ. ಟೈರು ಮುಟ್ಟಿದ. ಸೀಟು ಮುಟ್ಟಿದ. ಬೆರಳು ಮಡಿಸುತ್ತ ಮಡಿಸುತ್ತ ಅವನ ಮುಖ ಸಣ್ಣಗಾಯಿತು.

"ಅಕ್ಕ, ನಾನು ಗುಜರಿ ಬೆಲೆ ಹೇಳಿದ್ದು ಹಳೇ ಗಾಡಿಗೆ. ಈಗ ಇದರೊಳಗೆ ಇರೋದೆಲ್ಲ ನನ್ನ ಅಂಗಡಿ ಹೊಸ ಸಾಮಾನು. ನಾನೇ ಮಾರಿದ್ದನ್ನ ನಾನೇ ಕೊಳ್ಳಬೇಕು ಅಂದ್ರೆ ಅಂಗಡಿ ಅಡ ಇಡಬೇಕು."

"ಗುಜರಿ ಬೆಲೆಗೇ ಕೊಡಮ್ಮ ಅತ್ಲಾಗೆ," ಎಂದರು ಯಾರೋ.

"ಹೊಸ ಎಂಜಿನ್ನು ಹಾಕ್ಸಿ ಗುಜರಿಗೆ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದಳು ಹೆಂಡತಿ.

"ಇನ್ನು ಐದಾರು ವರ್ಷ ಇದಕ್ಕೆ ಸ್ಪ್ಯಾನರು ಮುಟ್ಟಿಸೋ ಹಾಗಿಲ್ಲ," ಎಂದು ಮೆಕ್ಯಾನಿಕ್ ತನ್ನ ಸರ್ವನಾಶವನ್ನು ತಾನೇ ಓದಿ ಹೇಳುವವನಂತೆ ಹೇಳಿದ. "ಇನ್ಮೇಲೆ ತಿಂಗಳ ತಿಂಗಳ ನಂಗೆ ಕೊಡ್ತಿದ್ದಿದ್ದು ನಿಮಗೇ ಉಳಿಯುತ್ತೆ."

ಹೆಂಡತಿ ಸ್ಕೂಟರನ್ನು ನೋಡಿದಳು. ಬರಿದಾದ ಲಕೋಟೆಯನ್ನು ನೋಡಿದಳು. ಆಮೇಲೆ ಗಂಡನನ್ನು, ಮೊದಲ ಸಲ ನೋಡುವವಳಂತೆ, ತಲೆಯಿಂದ ಕಾಲಿನವರೆಗೆ ನೋಡಿದಳು.

"ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ರಾ ನೀವು?"

ಪೋಸ್ಟ್‌ಮಾಸ್ಟರು ಮೆಲ್ಲಗೆ, ಇದು ಸಾಮಾನ್ಯ ತಲೆಯಲ್ಲಪ್ಪ ಎಂದರು. ಸಾಹೇಬರು, ಇಂಥವನನ್ನು ಸಾಬೂನು ಎಣಿಸಲು ಕೂರಿಸಿದ್ದೇನಲ್ಲ ಎಂದು ತಮ್ಮಲ್ಲೇ ನೊಂದುಕೊಂಡರು. ಉಗ್ರಾಣಿ ಬಾಯಿ ತೆರೆದ. ಎಲ್ಲರ ಮುಖವನ್ನೂ, ಹೆಂಡತಿಯ ಕಣ್ಣನ್ನೂ ನೋಡಿ ಮತ್ತೆ ಮುಚ್ಚಿದ.

ಅಂದು ಇಳಿಹೊತ್ತಿಗೆ ಲಕೋಟೆಗಳನ್ನೆಲ್ಲ ಬಿಚ್ಚಿ ಹೆಂಡತಿ ಹಗ್ಗದ ಮೇಲೆ ಮತ್ತೆ ಬಟ್ಟೆ ಹರವಿದಳು. ಕೈಚೀಲವನ್ನು ತನ್ನ ಜಾಗಕ್ಕೆ ಸೇರಿಸಿದಳು. ಬಜೆಟ್ಟು ಇರಲಿ, ಐದೇ ಬಾಬ್ತು, ಈರುಳ್ಳಿ ಎಲ್ಲಿ ಬೇಕೋ ಅಲ್ಲಿ ಬಿದ್ದಿರಲಿ ಎಂದಳು. ಆಮೇಲೆ ಮೂವರೂ ಸ್ಕೂಟರು ಹತ್ತಿದರು. ಮಗಳು ಮುಂದೆ ನಿಂತಳು, ಹೆಂಡತಿ ಹಿಂದೆ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟಳು. ಇಂಥ ಗಂಡನನ್ನು ಇಟ್ಟುಕೊಂಡು ಇಷ್ಟು ವರ್ಷ ನಾನೇ ಲೆಕ್ಕ ಬರೆದೆನಲ್ಲ ಎಂದು ಅವಳು ಅವನ ಕಿವಿಯ ಬಳಿ ಹೇಳಿದಳು. ಸ್ಕೂಟರು ಸದ್ದಿಲ್ಲದೆ ಹೋಗುತ್ತಿದ್ದುದರಿಂದ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿತು.

ಬಾಬ್ತು ರದ್ದಾಗುವ ಭಯಕ್ಕೆ ಆ ಹಣ ಖರ್ಚು ಮಾಡಿದೆನೇ ಹೊರತು ಬೇರೆ ಯಾವ ಲೆಕ್ಕವೂ ತನ್ನ ತಲೆಯಲ್ಲಿರಲಿಲ್ಲ ಎಂದು ಅವನು ಅವಳಿಗೆ ಅಂದು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.